ಹೊಗೆಯ ಗ್ಲಾಸು ಮೊದಲು

"ಇದನ್ನೇ ಮೊದಲು ಕುಡೀಬೇಕಾ?"

ಅಲ್ಲಿ ಕೆಲಸಕ್ಕಿದ್ದ ಐರಿನ್ ತಲೆಯೆತ್ತಿದಳು; ಅವನು ಮೆಟ್ಟಿಲಿಳಿದು ಬಂದಾಗಲೇ ಅವಳಿಗೆ ಗುರುತು ಸಿಕ್ಕಿತ್ತು. ಪ್ರೆಸಿಲ್ಲಾ ಆಂಟಿ ತೋರಿಸಿದ್ದ ಫೋಟೋದ ಮುಖವೇ ಈಗ ಜರ್ಮನಿಯ ಡಾರ್ಮ್‌ಸ್ಟಾಟ್‌ನ ವಿಸ್ಕಿ ಅಂಗಡಿಯ ಈ ಕಿಟಕಿಯಿಲ್ಲದ ನೆಲಮಾಳಿಗೆಯಲ್ಲಿ ಅವಳೆದುರು ಕುಳಿತಿತ್ತು!

ಜೋಶುವಾ. ಅವಳನ್ನು ಕೇಳದೆಯೇ ಆಂಟಿ ಮದುವೆಯ ಮಾತು ಕೊಟ್ಟಿದ್ದ, ಈಗ ಇಲ್ಲೇ ಇರುವ ಮಂಗಳೂರಿನ ಹುಡುಗ. ರುಚಿ ನೋಡುವ ಕೂಟಕ್ಕೆ ಎಲ್ಲರಿಗಿಂತ ಮೊದಲೇ ಬಂದಿದ್ದ.

ಓಡುವುದಾದರೂ ಎಲ್ಲಿಗೆ? ಅವಳಿರುವುದು ಆಂಟಿಯ ಮನೆಯಲ್ಲಿ. ಆನ್ಮೆಲ್ಡುಂಗ್, ಅಂದರೆ ಸರಕಾರಿ ವಾಸದ ನೋಂದಣಿ, ಆಗಿರುವುದೂ ಅದೇ ವಿಳಾಸಕ್ಕೆ. ಆ ಮನೆಯಿಂದ ಇವನ ಮನೆಗೆ... ಉಸಿರಾಡಲು ಜಾಗವೆಲ್ಲಿ?

'ಇವನೇ ಬೇಡವೆಂದು ಎದ್ದು ಹೋಗಬೇಕು!'

ಮೇಜಿನ ಮೇಲೆ ಸ್ಕಾಟ್ಲೆಂಡಿನ ದ್ವೀಪಗಳ ನಾಲ್ಕು ಸಿಂಗಲ್ ಮಾಲ್ಟ್ ವಿಸ್ಕಿಗಳಿದ್ದವು. ಆರನ್‌ನದು ಹಣ್ಣಿನಂತೆ ಹಗುರ. ಆರ್ಕ್ನಿಯದರಲ್ಲಿ ಜೇನಿನ ಸುಳಿವು. ಸ್ಕೈನದು ಮೆಣಸಿನಂತೆ ಚುರುಕು. ಐಲಾದ್ದು ಅಪ್ಪಟ ಹೊಗೆ. ಹೊಗೆಯದನ್ನು ಕೊನೆಗೆ ಕೊಡುವುದು ಕ್ರಮ. ಅದು ಮೊದಲೇ ನಾಲಗೆಗೆ ತಾಗಿದರೆ ಉಳಿದವುಗಳ ರುಚಿ ಸತ್ತಂತೆಯೇ. ಐರಿನ್ ಬೇಕೆಂದೇ ಅದನ್ನು ಮೊದಲು ಸುರಿದಿದ್ದಳು.

"ನಮ್ಮಲ್ಲಿ ಹೀಗೇ," ಎಂದಳು ಬಿಗಿಯಾಗಿ.

ಒಂದು ಗುಟುಕಿಗೇ ಅವನು ಕೆಮ್ಮಿದ. "ಅಯ್ಯೋ ಮಾರಾಯ್ರೇ, ಎಂತ ಇದು? ಒಣಮೀನಿನ ಗೋಡೌನಿಗೆ ಬೆಂಕಿ ಬಿದ್ದ ಹಾಗೆ ಉಂಟು!"

ಉಕ್ಕಿ ಬಂದ ನಗುವನ್ನು ಅವಳು ನುಂಗಿಕೊಂಡಳು.

ಅವನು ಆರ್ಕ್ನಿಯದನ್ನು ಬಾಯಿಗಿಟ್ಟು ಗ್ಲಾಸನ್ನು ಕೆಳಗಿಟ್ಟ. "ಏನೂ ಗೊತ್ತಾಗ್ತಾ ಇಲ್ಲ. ಗೋಡೆಯ ಆ ಬೋರ್ಡಲ್ಲಿ ಹೊಗೆಯದ್ದು ಕೊನೆಗೆ ಉಂಟು. ನೀವು ಬೇಕಂತಲೇ ಮಾಡಿದ್ದಲ್ವಾ?"

"ಹೌದು! ನೀವು ಎದ್ದು ಹೋಗ್ಲಿ ಅಂತ! ಎಲ್ಲರೂ ಸೇರಿ ನಿಶ್ಚಯ ಮಾಡಿದ್ರಿ, ನನ್ನನ್ನು ಯಾರಾದ್ರೂ ಕೇಳಿದ್ರಾ?"

ಅವನ ಮುಖ ಬಿಳಿಚಿತು. "ಕೇಳ್ಲಿಲ್ವಾ? ನೀವೇ ಒಪ್ಪಿ ನನ್ನನ್ನು ಬರ್ಲಿಕ್ಕೆ ಹೇಳಿದ್ದೀರಿ ಅಂತ ಆಂಟಿ ಹೇಳಿದ್ರಲ್ಲ..."

ಐರಿನ್ ಕೈಯಲ್ಲಿದ್ದ ಬಾಟಲಿಯನ್ನು ಕೆಳಗಿಟ್ಟಳು. 'ಹಾಗಾದರೆ ಇವನಿಗೂ ಸುಳ್ಳು...!'

ಕೆಳಗೆ ಸಿಗ್ನಲ್ ಇರಲಿಲ್ಲ. ಆಂಟಿಗೆ ಕರೆ ಮಾಡಲು ಅವನು ಫೋನು ಹಿಡಿದು ಮೆಟ್ಟಿಲೇರಿದ; ಅವಳೂ ಹಿಂಬಾಲಿಸಿದಳು. ಬೀದಿಯ ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು.

"ಆಂಟಿ, ಜೋಶುವಾ ಮಾತಾಡೋದು. ಈ ಸಂಬಂಧ ನನಗೆ ಬೇಡ. ಐರಿನ್ ಹತ್ರ ಜಗಳ ಮಾಡ್ಬೇಡಿ, ಅವರದ್ದು ತಪ್ಪಿಲ್ಲ. ಬೇಡ ಅಂದದ್ದು ನಾನು."

ಆಂಟಿಯ ಬೈಗುಳ ಐರಿನ್‌ಗೂ ಕೇಳಿಸಿತು. ಅವನು ಎಲ್ಲವನ್ನೂ ತಲೆಬಾಗಿ ಕೇಳಿಸಿಕೊಂಡ. ಅವಳ ಕಣ್ಣು ತುಂಬಿ ಬಂತು. ಈ ಊರಿಗೆ ಬಂದಂದಿನಿಂದ ಅವಳ ಪರವಾಗಿ ಯಾರೂ ಹೀಗೆ ನಿಂತಿರಲಿಲ್ಲ.

"ಮುಗೀತು. ಇನ್ನು ನಿಮಗೆ ತೊಂದರೆ ಇಲ್ಲ," ಎಂದು ಅವನು ಟ್ರ್ಯಾಮ್ ನಿಲ್ದಾಣದತ್ತ ಹೊರಟ.

"ಒಂದ್ನಿಮಿಷ! ನಾಳೆ... ಕಾಫಿಗೆ ಬರ್ತೀರಾ? ಕರೀತಿರೋದು ನಾನು. ಆಂಟಿ ಅಲ್ಲ."

"ಈಗಷ್ಟೇ ಬೇಡ ಅಂದಾಯ್ತಲ್ಲ ಮಾರಾಯ್ರೇ! ಅವರು ಕೇಳಿದ್ರೆ ಎಂತ ಹೇಳುವುದು?"

"ನೀವೇನೂ ಹೇಳ್ಬೇಡಿ," ಅವಳು ಮೆಲ್ಲನೆ ನಕ್ಕಳು. "ಹೇಳುವ ದಿನ ಬಂದ್ರೆ... ನಾನೇ ಹೇಳ್ತೇನೆ."