ಸೋಲಾರ್ ಬೇಲಿಯೊಳಗಿನ ಹುಲ್ಲು

"ಗಾಡಿ ಹಿಂದಕ್ಕ ತಗೋರಿ. ನನ್ನ ಕುರಿ ಸರಿಯಂಗಿಲ್ಲ."

ಬಿಜ್ಜರಗಿಯ ಮಣ್ಣುದಾರಿಯಲ್ಲಿ ಕಂಪನಿಯ ಜೀಪಿಗೆ ಅಡ್ಡ ನಿಂತವಳು ಲಲಿತಾ. ಬೆನ್ನ ಹಿಂದೆ ಅಪ್ಪ ಅಮೋಘಿಯ ಇಡೀ ಹಿಂಡು. ಪಕ್ಕದ ತಂತಿ ಬೇಲಿಯೊಳಗೆ ಸಾಲುಸಾಲು ಸೋಲಾರ್ ಪ್ಯಾನೆಲ್, ಅವುಗಳ ಕೆಳಗೆ ಮೊಣಕಾಲುದ್ದ ಹುಲ್ಲು.

ಜೀಪಿನಿಂದ ಇಳಿದವನು ಮಲ್ಲಿನಾಥ. ತಿಕೋಟಾದಲ್ಲಿ ಒಣದ್ರಾಕ್ಷಿ ಇಡುವ ಕೋಲ್ಡ್ ಸ್ಟೋರೇಜೊಂದರ ಅಧಿಕಾರಿ. ವ್ಯಾಪಾರ ಬೆಳೆದಂತೆ ಕರೆಂಟು ಸಾಲದೆ, ಕಂಪನಿ ಇಲ್ಲಿನ ಹೊಲಗಳನ್ನು ಲೀಸಿಗೆ ಹಿಡಿದು ಪ್ಯಾನೆಲ್ ಹಾಕಿತ್ತು. ಆ ಕೆಲಸವೂ ಅವನದೇ, ಊರಿಗೆ ಕಂಪನಿ ಮಾಡುವ ಸಿಎಸ್‌ಆರ್ ಸೇವೆಯೂ ಅವನದೇ.

"ಬ್ಯಾರೆ ಕಡೆ ಮೇಯಸಾಕ ಆಗಂಗಿಲ್ಲೇನ್ರಿ?" ಎಂದ ಮೆಲ್ಲಗೆ.

"ಇದ ನಮ್ಮ ಮೇವಿನ ಜಾಗಾ. ನೀವು ಬೇಲಿ ಹಾಕಿ ಮುಚ್ಚೀರಿ. ಹಿಂಗ ಆದ್ರ ಮೇವಿಲ್ಲದ ದೀಪಾವಳಿ ಒಳಗ ಅಪ್ಪ ಹಿಂಡು ಮಾರತಾನ."

ಮಾತೇನೋ ಖಾರವೇ. ಆದರೆ ಕಣ್ಣಂಚು ಒದ್ದೆಯಾಗಿತ್ತು. ಅವನು ಜೀಪು ಹತ್ತಿ ಹಿಂದಕ್ಕೆ ತೆಗೆದ. ಅಷ್ಟಕ್ಕೇ ಹುಡುಗಿಯ ಅರ್ಧ ಸಿಟ್ಟು ಇಳಿಯಿತು. ಉಳಿದರ್ಧವನ್ನು ಹಟಕ್ಕೆಂದು ಇಟ್ಟುಕೊಂಡಳು.

ಆಮೇಲೆ ಅವನಿಗೆ ಬಿಜ್ಜರಗಿಯಲ್ಲೇ ಕೆಲಸ ಜಾಸ್ತಿಯಾಯಿತು. ಯಾಕೆಂದು ನನ್ನನ್ನು ಕೇಳಬೇಡಿ.

"ಹುಲ್ಲು ಎತ್ತರಾಗಿ ಪ್ಯಾನೆಲ್ ಮ್ಯಾಲ ನೆರಳು ಬೀಳಾಕತ್ತೈತಿ, ಕರೆಂಟ್ ಕಡಿಮಿ ಬರಾಕತ್ತೈತಿ," ಎಂದ ಒಂದು ದಿನ, ಬೇಲಿಯಾಚೆಯಿಂದ. "ಹುಲ್ಲು ಸಾಯೂ ಎಣ್ಣಿ ಹೊಡೀರಿ ಅಂತಾರ ಮ್ಯಾಲಿನವರು."

"ಎಣ್ಣಿ ಯಾಕ್ರಿ, ಕುರಿ ಬಿಡ್ರಿ. ಆಡು ಮಾತ್ರ ಬ್ಯಾಡ. ಪ್ಯಾನೆಲ್ ಮ್ಯಾಲ ಹತ್ತಿ ಕುಣೀತಾವ."

ಅವನು ನಕ್ಕ. ಆ ನಗು ಅವಳ ಜೊತೆಗೇ ಮನೆಗೆ ಬಂತು. ರೊಟ್ಟಿ ಬಡಿಯುವಾಗಲೂ ಅದೇ... 'ಇದೇನು ಹುಚ್ಚು ನನಗ?' ಎಂದು ತನ್ನನ್ನೇ ಗದರಿಕೊಂಡಳು.

ಬೇಲಿಯೊಳಗೆ ಕುರಿ ಬಿಡಲು ಕಂಪನಿ ಒಪ್ಪಿತು. ಆದರೆ ಒಪ್ಪಿಗೆಯ ಜೊತೆಗೆ ಪೆಂಡಾಲು, ಮೈಕು, ಫೋಟೋದವರೂ ಬಂದರು. ವೇದಿಕೆಯ ಮೇಲೆ ದೊಡ್ಡ ಬ್ಯಾನರ್: 'ಬಡ ಕುರಿಗಾರರಿಗೆ ಉಚಿತ ಮೇವು ದಾನ'.

ಅಮೋಘಿ ಹೆಗಲ ಕಂಬಳಿ ಸರಿಮಾಡಿಕೊಂಡು ಹಿಂಡನ್ನು ತಿರುಗಿಸಿದ.

"ನಡಿಯವ್ವಾ. ಕುರಿ ಹೊಲದಾಗ ನಿಂತರ ಗೊಬ್ಬರ ಆಗತೈತಿ ಅಂತ ರೈತರು ಹಟ್ಟಿಗೆ ಬಂದು, ಎಲಿ ಅಡಿಕಿ ಕೊಟ್ಟು ಕರೀತಾರ. ಕಾಳು ಕೊಟ್ಟು ಕಳಸ್ತಾರ. ದಾನ ಅಂತ ಇವತ್ತಿನ ತನಕಾ ಯಾರೂ ಅಂದಿಲ್ಲ."

ಲಲಿತಾ ವೇದಿಕೆಯ ಮೇಲಿದ್ದ ಮಲ್ಲಿನಾಥನತ್ತ ನೋಡಿದಳು. "ನಿಮ್ಮ ಕಣ್ಣಿಗೆ ನಾವು ಬೇಡೂ ಮಂದಿ ಕಂಡ್ವೇನ್ರಿ?"

ಅಂದು ಸಂಜೆ ಅಮೋಘಿ, ಬರುವ ಸಂತೆಗೆ ಹಿಂಡು ಹೊಡೆದುಕೊಂಡು ಹೋಗಿ ಮಾರುವುದೆಂದು ಹೇಳಿಬಿಟ್ಟ. ಲಲಿತಾ ಅತ್ತಳು. ಕುರಿಗಾಗಿ ಅತ್ತಳೋ, ಅವನಿಗಾಗಿಯೋ... ಎರಡಕ್ಕೂ ಅತ್ತಳು.

ಸಂತೆಯ ದಿನ ಬೆಳಿಗ್ಗೆ ಹಿಂಡು ಹೊರಡಬೇಕು, ಹಟ್ಟಿಯ ಮುಂದೆ ಮಲ್ಲಿನಾಥ! ಜೀಪಿಲ್ಲ. ಹೆಗಲ ಮೇಲೆ ಜೋಳದ ಚೀಲ, ಕೈಯಲ್ಲಿ ಎಲೆ ಅಡಿಕೆ.

"ತಪ್ಪಾತ್ರಿ ಯಜಮಾನ್ರ. ಸಿಎಸ್‌ಆರ್‌ನಾಗ ಹಾಕಿದ್ರ ಲಗೂನ ಒಪ್ತಾರ ಅಂತ ದಾನ ಅಂತ ಬರಸಿದ್ದು ನಾನ. ಈಗ ಅದನ್ನ ದಾನದ ಲೆಕ್ಕದಿಂದ ತಗಸಿ ಕರೆಂಟಿನ ಖರ್ಚಿನಾಗ ಹಾಕಸೇನಿ. ಹುಲ್ಲು ಮೇಯಸೂದು ನಿಮ್ಮ ಕೆಲಸ, ಕೂಲಿ ಕೊಡೂದು ಕಂಪನಿ ಕೆಲಸ. ನಿಮ್ಮ ಕುರಿ ನಮಗ ಬೇಕಾಗ್ಯಾವ್ರಿ."

ಅಮೋಘಿ ಅವನನ್ನು ಮೇಲಿಂದ ಕೆಳಗೆ ಅಳೆದ.

"ಗೇಟಿನ ಕೀಲಿಕೈ ಯಾರ ಹತ್ರ ಇರತೈತಿ?"

"ನಿಮ್ಮ ಹತ್ರನ."

ಮುದುಕ ಎಲೆ ಅಡಿಕೆ ತೆಗೆದುಕೊಂಡ. ಒಂದು ಸಿಳ್ಳು ಹಾಕಿದ. ಹಿಂಡು ಸಂತೆಯ ದಾರಿ ಬಿಟ್ಟು ಪ್ಯಾನೆಲ್ಲಿನ ಕಡೆ ಹೊರಳಿತು.

ಲಲಿತಾ ಹಿಂದೆಯೇ ಉಳಿದಳು. ಅವನೂ.

"ಲಲಿತಾ... ನೀವಂದ್ರ ನನಗ ಭಾಳ ಜೀವ. ನಮ್ಮೂರು ಸಾರವಾಡದಿಂದ ಹಿರಿಯರನ್ನ ಕರಕೊಂಡು ಬರಲೇನ್ರಿ?"

ಅವಳು ತಲೆ ತಗ್ಗಿಸಲಿಲ್ಲ.

"ಬರ್ರಿ. ಆದರ ಲಗ್ನ ಆದಮ್ಯಾಲೂ ನಾ ಹಿಂಡು ಬಿಡಂಗಿಲ್ಲ."

"ಬಿಡಬ್ಯಾಡ್ರಿ. ನಾನೂ ದಿನಾ ಪ್ಯಾನೆಲ್ ನೋಡಾಕ ಬರತೇನಿ."

"ಇಷ್ಟ ದಿನಾ ಪ್ಯಾನೆಲ್ ನೋಡಾಕ ಬರತಿದ್ರೇನು?"

"ಇಲ್ಲ," ಎಂದ ಮಲ್ಲಿನಾಥ. "ನಿನ್ನ ನೋಡಾಕ."