ಸುಣ್ಣದ ಗುರುತು

ಮನೆ ಮುಂದೆ ಸುಣ್ಣದಲ್ಲಿ ಹಾಕಿದ ಇಂಟು ಗುರುತು ಕಂಡು ಕುಸುಮಳ ಎದೆ ಧಸಕ್ಕೆಂದಿತು. ಮದ್ದೂರಿನಲ್ಲಿ ರಸ್ತೆ ಅಗಲ ಮಾಡುವಾಗ ಚಿಕ್ಕಮ್ಮನ ಮನೆಗೂ ಹೀಗೇ ಗುರುತು ಹಾಕಿದ್ದರು. ಆಮೇಲೆ ಬಂದದ್ದು ಜೆಸಿಬಿ. ಕುಸುಮ ಹಿಂದೆ ಮುಂದೆ ನೋಡಲಿಲ್ಲ. ಬಿಂದಿಗೆ ನೀರು ಸುರಿದು, ಪೊರಕೆಯಲ್ಲಿ ತಿಕ್ಕಿ ತೊಳೆದು, ಅದೇ ಜಾಗದಲ್ಲಿ ದೊಡ್ಡ ರಂಗೋಲಿ ಬಿಟ್ಟು ಯಲಿಯೂರಿನ ಡೇರಿಗೆ ಕೆಲಸಕ್ಕೆ ಹೋದಳು.

ಸಂಜೆ ಗುರುತಿನ ಒಡೆಯನೇ ಬಾಗಿಲಿಗೆ ಬಂದ. ಸರ್ವೆ ಕೆಲಸದ ಮದ್ದೂರಿನ ಯತೀಶ, ಕೈಯಲ್ಲಿ ಡ್ರೋನು, ಮುಖದ ತುಂಬ ಬೆವರು. ಪಕ್ಕದ ಖಾಲಿ ಜಾಗದಲ್ಲಿ ಪಂಚಾಯಿತಿ ಲೈಬ್ರರಿ ಕಟ್ಟಿಸುತ್ತದೆ, ಮೇಲಿಂದ ಫೋಟೊ ತೆಗೆದು ಪ್ಲಾನು ಮಾಡಬೇಕು, ಫೋಟೊ ಸರಿಯಾಗಿ ಜೋಡಿಸೋಕೆ ನೆಲದಲ್ಲಿ ಗುರುತಿರಬೇಕು ಅಂತ ವಿವರಿಸಿದ.

"ಮನೆ ಕೆಡವಕ್ಕಲ್ಲ ಕಣ್ರೀ. ಎಲ್ಲೈತೆ ಅಂತ ತಪ್ಪದಂಗೆ ಗೊತ್ತಾಗ್ಲಿ ಅಂತ."

"ಕೇಳಿ ಹಾಕ್ಬೇಕಾಗಿತ್ತು. ಅಂಗಳ ನಿಮ್ದಾ?"

ಯತೀಶ ಮಧ್ಯಾಹ್ನ ಮೇಲಿಂದ ತೆಗೆದ ಫೋಟೊ ತೋರಿಸಿದ. ಹೆಂಚು, ತೆಂಗಿನಮರ, ನಡುವೆ ಬೆಳ್ಳಗೆ ಅವಳ ರಂಗೋಲಿ. ತನ್ನ ಅಂಗಳ ಆಕಾಶಕ್ಕೆ ಹೀಗೆ ಕಾಣುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ. ಒಂದು ಎಳೆ ಸೊಟ್ಟಗಿದೆಯಲ್ಲ ಎಂದು ನಾಚಿ ತಲೆಯೆತ್ತಿದರೆ, ಅವನು ಫೋಟೊ ನೋಡುತ್ತಲೇ ಇರಲಿಲ್ಲ. ಅವಳನ್ನು ನೋಡುತ್ತಿದ್ದ. ಸಿಕ್ಕಿಬಿದ್ದೆನೆಂದು ಗೊತ್ತಾಗಿ, ರಂಗೋಲಿಯೇ ಗುರುತಿಗೆ ಸಾಕು ಎಂದು ತೊದಲಿದ.

ಸಾಕಾಗಿದ್ದರೆ ಮತ್ತೆ ಯಾಕೆ ಬರಬೇಕಿತ್ತು? ಒಂದು ದಿನ ನೆರಳು ಬಿತ್ತಂತೆ, ಇನ್ನೊಂದು ದಿನ ಗಾಳಿಯಂತೆ, ಮತ್ತೊಂದು ದಿನ ಮೋಡವಂತೆ. ಕಳ್ಳನಿಗೊಂದು ಪಿಳ್ಳೆ ನೆವ. ಇತ್ತ ಕುಸುಮಳ ರಂಗೋಲಿಯೂ ದಿನದಿನಕ್ಕೆ ದೊಡ್ಡದಾಗಿ ಬೀದಿಯ ಅಂಚು ಮುಟ್ಟಿತು. ಇದು ಯಾವ ಹಬ್ಬವೇ ಎಂದು ಅಜ್ಜಿ ಹೊಂಬಾಳಮ್ಮ ಕೇಳಿದರೆ, ಪುಡಿ ಮಿಕ್ಕಿತ್ತು ಎಂದಳು.

ಪ್ಲಾನು ತೋರಿಸುವ ದಿನ ಪಂಚಾಯಿತಿ ಹಾಲ್ ತುಂಬಿತ್ತು. ಪರದೆಯ ಮೇಲೆ ಊರು ಮೂಡಿದ ಕೂಡಲೇ ಎಲ್ಲರೂ ತಮ್ಮ ತಮ್ಮ ಮನೆ ಹುಡುಕಿದರು. ಹಿಂದಿನ ಬೀದಿಯ ಶಿವಣ್ಣನವರು ತಮ್ಮ ಹುಲ್ಲಿನ ಮೆದೆ ಹುಡುಕಿದರು. ಪ್ಲಾನು ಒಪ್ಪಿಗೆಯಾಯಿತು, ಎಲ್ಲರಿಗೂ ಖುಷಿ. ಕುಸುಮ ಮಾತ್ರ ಪರದೆ ಬಿಟ್ಟು ಯತೀಶನನ್ನೇ ನೋಡಿದಳು. ಕೆಲಸ ಮುಗಿದ ಮೇಲೆ ಇವನು ಈ ಊರಿಗೆ ಯಾಕೆ ಬಂದಾನು?

"ಇನ್ನು ಈ ಕಡೆ ಬರೋ ಕೆಲ್ಸ ಇರಕ್ಕಿಲ್ಲ ಬುಡಿ," ಎಂದಳು ಹಾಲ್‌ನ ಬಾಗಿಲಲ್ಲಿ.

ಯತೀಶ ತಲೆ ಬಗ್ಗಿಸಿ ಪ್ಲಾನಿನ ಹಾಳೆ ಸುತ್ತತೊಡಗಿದ. ಆಕಾಶಕ್ಕೆ ಏಣಿ ಹಾಕೋನಿಗೆ ಎರಡು ಮಾತು ಬರೋದಿಲ್ಲವಲ್ಲ ಎಂದು ಅವಳಿಗೆ ಸಿಟ್ಟೇ ಬಂತು. ಮಾರನೆಯ ದಿನದಿಂದ ಅವಳ ರಂಗೋಲಿ ಅಂಗೈಯಗಲಕ್ಕೆ ಇಳಿಯಿತು.

ಭಾನುವಾರ ಡೇರಿಯಿಂದ ಬರುವಾಗ ಮನೆ ಮುಂದೆ ಮತ್ತೆ ಇಂಟು ಗುರುತು. ಪಕ್ಕದಲ್ಲಿ ಕೈಯೆಲ್ಲ ಸುಣ್ಣ ಮಾಡಿಕೊಂಡು ಯತೀಶ ಕೂತಿದ್ದ. ಡ್ರೋನು ತಂದಿರಲಿಲ್ಲ.

"ಪ್ಲಾನು ಒಪ್ಗೆ ಆಯ್ತಲ್ಲ, ಇನ್ನೇನ್ ಅಳೀತೀರಿ?"

"ಅಳೆಯಕ್ಕಲ್ಲ. ನಾಳೆ ನಮ್ಮವ್ವ ನಿಮ್ಮಜ್ಜಿ ತಾವ ಮಾತಾಡಕ್ಕೆ ಬತ್ತಾಳೆ. ಮನೆ ತಪ್ಪಬಾರ್ದಲ್ಲ." ಅವನ ದನಿ ಇಳಿಯಿತು. "ನಿಮ್ಗೆ ಬ್ಯಾಡ ಅನ್ಸುದ್ರೆ ಮೊದ್ಲಿನಂಗೆ ತೊಳ್ದುಬುಡಿ. ಗುರ್ತು ಕಾಣ್ದಿದ್ರೆ ಅವ್ವ ಹಂಗೇ ವಾಪಸ್ ಓಯ್ತಾಳೆ."

ಕುಸುಮ ಒಳಗೆ ಹೋದಳು.

ಬೆಳಗ್ಗೆ ಬಿಂದಿಗೆ ಹಿಡಿದು ಬಂದಳು. ಹೊಂಬಾಳಮ್ಮ ಜಗುಲಿಯಿಂದ ನೋಡುತ್ತಿದ್ದರು. ಕುಸುಮ ಅಂಗಳಕ್ಕೆಲ್ಲ ನೀರು ಚಿಮುಕಿಸಿದಳು, ಗುರುತಿನ ಮೇಲೆ ಒಂದು ಹನಿಯೂ ಬೀಳದ ಹಾಗೆ. ಆಮೇಲೆ ಅದನ್ನೇ ನಡುವಿಗೆ ಬಿಟ್ಟು, ಸುತ್ತಲೂ ಚುಕ್ಕಿಯಿಟ್ಟು, ಬೀದಿಯ ಅಂಚಿನವರೆಗೂ ಎಳೆ ಎಳೆದಳು.

ಯತೀಶನ ಅವ್ವ ಬಂದಾಗ ಯಾರನ್ನೂ ಮನೆ ಕೇಳಲಿಲ್ಲ.