ಕಿವಿ ಕೇಳದ ಭಾವನ ಸೈಲೆನ್ಸರ್

ಕಿವಿಯೇ ಕೇಳದವನಿಗೆ ಹೊಸ ಸೈಲೆನ್ಸರ್ ಯಾಕೆ ಸ್ವಾಮೀ? ಭಾವನ ಪಿಕಪ್ಪಿನ ಅಡಿಯಲ್ಲಿ ಎಂಜಿನ್ನಿನಿಂದ ಹಿಂಬದಿಯವರೆಗೂ ಥಳಥಳಿಸುವ ಪೈಪು ಕಂಡ ದಿನದಿಂದ ಬಾಮೈದನ ಹೊಟ್ಟೆ ಉರಿಸುತ್ತಿದ್ದದ್ದು ಇದೊಂದೇ ಪ್ರಶ್ನೆ. ಕಲ್ಲು ಪುಡಿಮಾಡುವ ಕಾರ್ಖಾನೆಯಲ್ಲಿ ದುಡಿದು ದುಡಿದು ಭಾವನ ಎರಡೂ ಕಿವಿ ಹೋಗಿದ್ದವು. ಪಕ್ಕದಲ್ಲಿ ಸಿಡಿಲು ಬಿದ್ದರೂ “ಏನಂದೆ?” ಎನ್ನುವ ಆಸಾಮಿ. ಅಂಥವನು ಇವನ ಹೆಗಲ ಮೇಲೆ ಕೈಹಾಕಿ, “ಒಂಚೂರೂ ಸದ್ದಿಲ್ವಂತೆ ಕಣಯ್ಯಾ, ಎಲ್ರೂ ಹೇಳ್ತಾರೆ!” ಎಂದು ಇಡೀ ಬೀದಿಗೆ ಕೇಳುವಂತೆ ಕೂಗಿದ್ದ.

ಇವನದೂ ಅದೇ ಪಿಕಪ್. ಅದೇ ಕಂಪನಿ, ಅದೇ ಹಳೇ ಡೀಸೆಲ್ ಎಂಜಿನ್. ಇಬ್ಬರೂ ಒಟ್ಟಿಗೇ ಹೋಗಿ ಕೊಂಡಿದ್ದರು. ಆದರೆ ಇವನ ಗಾಡಿಯ ಪೈಪನ್ನು ತುಕ್ಕು ತಿಂದು ಹಾಕಿತ್ತು. ಡಬ್ಬದ ತಗಡು ಸುತ್ತಿ ತಂತಿ ಬಿಗಿದ ತೇಪೆಗಳೇ ಅದನ್ನು ಪೈಪು ಎನ್ನಿಸಿದ್ದವು. ಬೀದಿಯವರು ಅವನಿಗೆ ಗುಡುಗಪ್ಪ ಎಂದು ಹೆಸರಿಟ್ಟಿದ್ದರು. ಅದನ್ನು ಹೇಗೋ ನುಂಗಿಕೊಂಡಿದ್ದ. ಆದರೆ ನರ್ಸಿಂಗ್ ಹೋಮಿಗೆ ಬೆಳಬೆಳಗ್ಗೆ ಒಗೆದ ಹಾಸಿಗೆಬಟ್ಟೆ ಸಾಗಿಸುವುದೇ ಅವನ ಹೊಟ್ಟೆಪಾಡು. ಬಹಳ ದಿನಗಳಿಂದ ಗೊಣಗುತ್ತಿದ್ದ ಅಲ್ಲಿನ ಮೇಲ್ವಿಚಾರಕಿ ಈಗ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದಳು: “ಸೋಮವಾರ ಈ ಸದ್ದು ಗೇಟಿನೊಳಗೆ ಬಂತೋ, ನೀವು ಬೇರೆ ಕೆಲಸ ನೋಡ್ಕೊಳ್ಳಿ. ನಮ್ಮ ರೋಗಿಗಳು ನಿದ್ದೆ ಮಾಡೋದು ಬೇಡ್ವಾ?”

ಹೊಸದು ಹಾಕಿಸುವ ತಾಕತ್ತಿರಲಿಲ್ಲ. ಅಕ್ಕನ ಮುಂದೆ ಗೋಳು ತೋಡಿಕೊಂಡದ್ದೇನೋ ನಿಜ, ಆದರೆ ಅವಳು “ಭಾವನ್ನ ಕೇಳು” ಎಂದ ಕೂಡಲೇ ಎದ್ದು ಬಂದಿದ್ದ. ಯಾರ ಮುಂದೆಯೂ ಕೈಚಾಚಲು ಅವನ ಸ್ವಾಭಿಮಾನ ಬಿಡುತ್ತಿರಲಿಲ್ಲ. ಕದಿಯಲು ಮಾತ್ರ ಪಾಪ, ಅದು ಅಡ್ಡಿ ಬರಲಿಲ್ಲ.

ಕದಿಯುವುದು ಎಂದರೂ ತಪ್ಪೇ. ಅದಲುಬದಲು ಅಷ್ಟೇ. ಭಾವನ ಪೈಪು ಇವನ ಗಾಡಿಗೆ, ಇವನದು ಭಾವನ ಗಾಡಿಗೆ. ಭಾವನಿಗಿರುವುದು ಕಣ್ಣು ಮಾತ್ರ. ಆ ಕಣ್ಣಿಗೆ ಬಿಸಿ ತಡೆಯುವ ಬೆಳ್ಳಿ ಬಣ್ಣ ಬಳಿದರಾಯಿತು. ಅಕ್ಕ ಸದ್ದು ಕೇಳಿ ಹುಬ್ಬೇರಿಸಿದರೆ, “ಈಗಿನ ಮಾಲೇ ಇಷ್ಟು ಅಕ್ಕಾ, ಬಾಳಿಕೆನೇ ಇಲ್ಲ” ಎನ್ನುವುದು. ಇವನ ಗಾಡಿಯ ಸದ್ದಡಗಿದ್ದು ಹೇಗೆಂದರೆ, ಗುಜರಿಯಲ್ಲಿ ಪುಣ್ಯಕ್ಕೆ ಒಂದು ಪೈಪು ಸಿಕ್ಕಿತು ಎನ್ನುವುದು. ಗಾಡಿಯ ವಿಷಯದಲ್ಲಿ ಮನೆಮಂದಿಗೆಲ್ಲ ಅವನ ಮಾತೇ ಕೊನೆ. ಎಂಥಾ ತಲೆ ತನ್ನದು ಎಂದು ಅವನಿಗೇ ಅಚ್ಚರಿಯಾಯಿತು.

ಭಾನುವಾರ ಅಕ್ಕ ಭಾವ ಬಸ್ಸು ಹತ್ತಿ ಮಗಳ ಮನೆಗೆ ಹೊರಟರು. ಹೋಗುವಾಗ ಭಾವ ತಾನಾಗಿಯೇ ಪಿಕಪ್ಪನ್ನು ಇವನ ಶೆಡ್ಡಿಗೆ ತಂದು ನಿಲ್ಲಿಸಿ, “ನಿನ್ನ ಹತ್ರಾನೇ ಇರ್ಲಿ” ಎಂದು ಕೀಲಿ ಕೊಟ್ಟು ನಕ್ಕ. ದೇವರೇ ಬಂದು ತಟ್ಟೆಯಲ್ಲಿಟ್ಟು ಕೊಟ್ಟಂತಾಯಿತು.

ಭಾವನ ಗಾಡಿಯ ಬೋಲ್ಟುಗಳು ಹೇಳಿದ ಮಾತು ಕೇಳಿದವು. ಇವನವು ಜಗ್ಗಲಿಲ್ಲ. ಎಣ್ಣೆ ಕುಡಿಸಿದ, ಸುತ್ತಿಗೆಯಿಂದ ತಟ್ಟಿದ, ಮಲಗಿದಲ್ಲೇ ಬೈದ; ತುಕ್ಕು ಕಣ್ಣಿಗೂ ಬಾಯಿಗೂ ಉದುರಿತು. ಕತ್ತರಿಸಿ ಬಿಸಾಡುವಂತಿಲ್ಲವಲ್ಲ, ಅದು ಇಡಿಯಾಗಿಯೇ ಬರಬೇಕು. ಗುಜರಿಯವನೂ ಮೂಸಿ ನೋಡದ ಆ ಪೈಪನ್ನು ಕೊನೆಗೆ ಹಸುಗೂಸಿನಂತೆ ಎರಡೂ ಕೈಯಲ್ಲಿ ಎತ್ತಿಕೊಂಡು ಭಾವನ ಗಾಡಿಗೆ ತೂಗುಹಾಕಿದ. ತನ್ನ ಗಾಡಿಯ ಮೇಲೆ ಜನ್ಮದಲ್ಲಿ ತೋರದ ಅಕ್ಕರೆ ಅದು. ಕ್ಲಾಂಪು ಬಿಗಿದು, ಹಳೆಯದಕ್ಕೆ ಬೆಳ್ಳಿ ಬಣ್ಣ ಬಳಿದು, ಹೊಸದಕ್ಕೆ ಕೆಸರು ಮೆತ್ತಿದ. ತನ್ನ ಗಾಡಿ ಸ್ಟಾರ್ಟ್ ಮಾಡಿದರೆ ಅಜ್ಜ ಗಂಟಲು ಸರಿಮಾಡಿಕೊಂಡಷ್ಟೇ ಸದ್ದು. ಸಂತೋಷಕ್ಕೆ ಅವನ ಕಣ್ಣಲ್ಲಿ ನೀರು ಬಂತು. ತುಕ್ಕೂ ಬಿದ್ದಿತ್ತೆನ್ನಿ.

ಸಂಜೆ ಅಕ್ಕ ಭಾವ ಬಸ್ಸಿಳಿದವರೇ ನೇರ ಶೆಡ್ಡಿಗೆ ಬಂದರು. ಭಾವ ಗೋಡೆಯ ಮೊಳೆಗೆ ತೂಗುಹಾಕಿದ್ದ ಇವನ ಗಾಡಿಯ ಕೀಲಿ ತೆಗೆದುಕೊಂಡ.

“ಇವತ್ತಿಂದ ನನ್ನ ಗಾಡಿ ನಿಂದು, ನಿನ್ನ ಗಾಡಿ ನಂದು,” ಎಂದು ಕೂಗಿದ. “ನಿಮ್ಮಕ್ಕ ಎಲ್ಲಾ ಹೇಳಿದ್ಳು. ನಿನ್ನ ಗಾಡಿಗೇ ಹಾಕಿಸ್ತೀನಿ ಅಂದಿದ್ರೆ ನೀನು ಒಪ್ತಿದ್ಯಾ? ಅದಕ್ಕೇ ನಂದಕ್ಕೆ ಹಾಕಿಸ್ದೆ. ಆ ಸದ್ದು ನಂಗೇನು ಮಾಡುತ್ತಯ್ಯಾ, ಈ ಕಿವಿಗೆ!”

“ಬೇಡ ಭಾವ! ನಿಮ್ಮ ಗಾಡಿ ನಿಮ್ಗೇ ಇರ್ಲಿ!” ಅವನು ಜೀವ ಬಿಟ್ಟು ಅರಚಿದ. ಭಾವ ಆಗಲೇ ಬೆನ್ನು ತಿರುಗಿಸಿ ಗಾಡಿ ಹತ್ತುತ್ತಿದ್ದ. ಅವನಿಗೇನು ಕೇಳಬೇಕು, ಮಣ್ಣು?

ಭಾವ ಕೀಲಿ ತಿರುಗಿಸುವ ಮೊದಲೇ ಅಕ್ಕ ರೂಢಿಯಂತೆ ಎರಡೂ ಕಿವಿಗೆ ಬೆರಳು ತುರುಕಿಕೊಂಡಳು. ಗಾಡಿ ಹಿಂದೆ ಸರಿದು, ತಿರುಗಿ, ಬೀದಿಗಿಳಿಯಿತು. ಅವಳು ಒಂದು ಬೆರಳು ತೆಗೆದಳು, ಆಮೇಲೆ ಇನ್ನೊಂದು. ಆಚೆ ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸಿದ್ದೂ ಶೆಡ್ಡಿನೊಳಕ್ಕೆ ನಿಚ್ಚಳವಾಗಿ ಕೇಳುತ್ತಿತ್ತು. ಅಕ್ಕ ತಮ್ಮನ ತುಕ್ಕು ಮೆತ್ತಿದ ಮುಖ ನೋಡಿದಳು, ನಾಳೆ ಬೆಳಿಗ್ಗೆ ಅವನು ನರ್ಸಿಂಗ್ ಹೋಮಿಗೆ ಒಯ್ಯಬೇಕಾದ ಗಾಡಿಯನ್ನೂ ನೋಡಿದಳು. “ಎಲ್ಲಿ,” ಎಂದಳು ಮೆತ್ತಗೆ, “ಅದನ್ನೊಂದ್ಸಲ ಸ್ಟಾರ್ಟ್ ಮಾಡು.”